ಬರ್ಚ್ ಸೌದೆಯ ಹದ

ಪೂರ್ವ ಫಿನ್‌ಲೆಂಡಿನ ಉತ್ತರ ಕರೇಲಿಯಾ ಪ್ರಾಂತ್ಯದ ಹಳ್ಳಿಮನೆಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಮನೆಮಂದಿಗೆಲ್ಲ ಕೈತುಂಬ ಕೆಲಸ. ಇಬ್ಬನಿ ಹೆಪ್ಪುಗಟ್ಟಿ ನೆಲ ಬಿಳಿಚುವುದಕ್ಕೆ ಮೊದಲು ಆಲೂಗಡ್ಡೆ ನೆಲಮಾಳಿಗೆ ಸೇರಬೇಕು, ಸರೋವರ ಗಟ್ಟಿಯಾಗುವುದಕ್ಕೆ ಮೊದಲು ದೋಣಿ ದಡ ಹತ್ತಿ ಬೋರಲಾಗಬೇಕು, ವರ್ಷಕ್ಕೊಮ್ಮೆ ಬರುವ ಚಿಮಣಿ ಗುಡಿಸುವವನು ಬಂದು ಮಸಿ ತೆಗೆದು ಹೋಗಬೇಕು. ಆದರೂ ಒಂದು ಮನೆಯ ಶಿಸ್ತನ್ನು ಅಳೆಯಬೇಕೆನ್ನುವವರು ನೋಡಬೇಕಾದದ್ದು ಸೌದೆ ಕೊಟ್ಟಿಗೆಯನ್ನು. ಬೆಂಕಿಯ ರಸಿಕರು ಕೊಡಲಿಯನ್ನೂ ಒಲೆಯನ್ನೂ ಹೊಗಳುವುದುಂಟು. ಚಳಿಗಾಲದ ಬೆಂಕಿಯ ಗುಣ ನಿರ್ಧಾರವಾಗುವುದು ಮಾತ್ರ ಮರ ಕಡಿದ ಕಾಲದಿಂದ ಮತ್ತು ಸೌದೆ ಒಟ್ಟಿದ ರೀತಿಯಿಂದ.

ಅಲ್ಲಿ ಸೌದೆಯೆಂದರೆ ಮುಖ್ಯವಾಗಿ ಬರ್ಚ್, ಅಂದರೆ ಬಿಳಿಯ ತೊಗಟೆಯ, ತೆಳುವಾದ ಎಲೆಯ ಉತ್ತರದೇಶದ ಮರ. ತೂಕಕ್ಕೆ ತೂಕ ಹೋಲಿಸಿದರೆ ಒಣಗಿದ ಯಾವ ಮರವೂ ಹೆಚ್ಚುಕಡಿಮೆ ಅಷ್ಟೇ ಶಾಖ ಕೊಡುತ್ತದೆ. ಬರ್ಚ್ ಸಾಂದ್ರವಾದ್ದರಿಂದ ಅಷ್ಟೇ ಜಾಗದಲ್ಲಿ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಕ್ಕಿಂತ ಹೆಚ್ಚು ಶಾಖವನ್ನು ಕೂಡಿಡಬಹುದು, ಮೇಲಾಗಿ ಅದು ಸ್ಪ್ರೂಸ್‌ನಂತೆ ಚಟಪಟನೆ ಕಿಡಿ ಹಾರಿಸುವುದಿಲ್ಲ. ಮರವನ್ನು ಚಳಿಗಾಲದ ಕೊನೆಯಲ್ಲಿ, ರಸವೇರುವುದಕ್ಕೆ ಮೊದಲೇ ಕಡಿದು, ವಸಂತದಲ್ಲಿ ಸೀಳಿ, ಬೇಸಿಗೆಯಿಡೀ ಗಾಳಿ ಬಿಸಿಲಿಗೆ ಒಡ್ಡುವುದು ಪದ್ಧತಿ. ಬರ್ಚಿನ ತೊಗಟೆ ನೀರನ್ನು ಹೊರಗೂ ಬಿಡದು, ಒಳಗೂ ಬಿಡದು. ಹೀಗಾಗಿ ಸೀಳದೆ ಬಿಟ್ಟ ದಿಮ್ಮಿ ಹೊರಗೆ ಚೆಲುವಾಗಿಯೇ ಕಂಡರೂ ಒಳಗೊಳಗೇ ಲಡ್ಡಾಗುತ್ತದೆ.

ಹಸಿ ಬರ್ಚಿನ ತೂಕದಲ್ಲಿ ಅರ್ಧಕ್ಕೆ ಸಮೀಪದಷ್ಟು ನೀರೇ ಇರುತ್ತದೆ, ಒಲೆಗೆ ಹಾಕುವ ಹೊತ್ತಿಗೆ ಅದು ಶೇಕಡಾ 20ಕ್ಕಿಂತ ಕೆಳಗಿಳಿದಿರಬೇಕು. ಆ ಹದಕ್ಕೆ ಬಂದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿರುತ್ತದೆ. ಹಸಿ ಸೌದೆಯಲ್ಲಾದರೆ ಬೆಂಕಿಯ ಶಕ್ತಿಯ ಒಂದು ಪಾಲು ನೀರನ್ನು ಆವಿಯಾಗಿಸುವುದರಲ್ಲೇ ಕಳೆದುಹೋಗಿ, ಅರೆಬೆಂದ ಹೊಗೆ ಚಿಮಣಿಯ ಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಹದ ತಿಳಿಯಲು ಮಾಪಕವೇನೂ ಬೇಕಿಲ್ಲ: ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದಾಗ ಒಣಗಿದ್ದು ಟಣ್ಣೆನ್ನುತ್ತದೆ, ಹಸಿಯಾದದ್ದು ದೊಪ್ಪೆನ್ನುತ್ತದೆ, ಒಣಗಿದ ಸೀಳಿನ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕುಗಳು ಹರಡಿರುತ್ತವೆ.

ಒಟ್ಟುವ ಕೆಲಸದಲ್ಲಿ ಮತಭೇದಗಳಿಗೆ ಕೊನೆಯಿಲ್ಲ. ನೆರೆಯ ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2013ರ ಫೆಬ್ರವರಿಯಲ್ಲಿ ಸೌದೆಯ ಬಗ್ಗೆಯೇ ಸುಮಾರು 12 ಗಂಟೆಗಳ ಕಾರ್ಯಕ್ರಮ ಪ್ರಸಾರ ಮಾಡಿದಾಗ, ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎಂದು ವೀಕ್ಷಕರು ಎರಡು ಪಾಳೆಯವಾಗಿ ಜಗಳಕ್ಕೆ ನಿಂತರು. ತೆರೆದ ಬಯಲಲ್ಲಿ ಒಟ್ಟಿದ ರಾಶಿಯ ಮೇಲುಸಾಲಿನಲ್ಲಿ ತೊಗಟೆಯೇ ಹೆಂಚಿನ ಕೆಲಸ ಮಾಡುವುದರಿಂದ ಅಲ್ಲಿ ಅದು ಮೇಲಿರುವುದು ಸರಿ. ಮಾಡಿನಡಿ ಒಟ್ಟುವವರು ಈ ವಾದಕ್ಕೆ ಕಿವಿಗೊಡದೆ, ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ತುಸು ದೂರ, ಸೀಳುಗಳ ನಡುವೆ ಗಾಳಿಯಾಡುವಂತೆ ಇಟ್ಟರೆ ಸಾಕು.

ಇಂಥ ಸೌದೆಗೆ ತಕ್ಕ ಒಲೆಯೂ ಅದೇ ಸೀಮೆಯದು. ಉತ್ತರ ಕರೇಲಿಯಾದ ಯೂಕಾ ಎಂಬಲ್ಲಿ ಬಳಪದ ಕಲ್ಲಿನ ಗಣಿಗಳಿವೆ. ಶಾಖವನ್ನು ಬೇಗ ಹೀರಿ ನಿಧಾನವಾಗಿ ಬಿಡುವ ಆ ಕಲ್ಲಿನಿಂದ ಕಟ್ಟಿದ, ಸಾವಿರ ಕಿಲೋಗೂ ಮೀರಿ ತೂಗುವ ಒಲೆಯಲ್ಲಿ ಒಂದೆರಡು ಗಂಟೆ ಬೆಂಕಿ ಉರಿಸಿದರೆ ಹೆಚ್ಚುಕಡಿಮೆ ಮರುದಿನದವರೆಗೂ ಮನೆ ಬೆಚ್ಚಗಿರುತ್ತದೆ. ಕೆಂಡ ಪೂರ್ತಿ ಆರುವ ಮುನ್ನವೇ ಶಾಖ ಉಳಿಸುವ ಆಸೆಯಿಂದ ಹೊಗೆದಾರಿಯ ತಗಡಿನ ಮುಚ್ಚಳ ಎಳೆದರೆ, ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೋಣೆಗೆ ತುಂಬುತ್ತದೆ. ಹಳ್ಳಿಯ ಮಕ್ಕಳಿಗೆ ಬೆಂಕಿ ಹಚ್ಚಲು ಕಲಿಸುವಾಗಲೇ ಈ ಎಚ್ಚರವನ್ನೂ ಹೇಳಿಕೊಡಬೇಕಾಗುತ್ತದೆ.

ಮಕ್ಕಳಿಗೆ ಈ ಋತುವಿನಲ್ಲಿ ಸಲ್ಲುವ ಪಾಲು ಸಣ್ಣದಲ್ಲ. ಅಕ್ಟೋಬರಿನಲ್ಲಿ ಶಾಲೆಗಳಿಗೆ ಬರುವ ಶರತ್ಕಾಲದ ರಜೆಯ ಹಿಂದೆ ಆಲೂಗಡ್ಡೆ ಅಗೆಯಲೆಂದೇ ಕೊಡುತ್ತಿದ್ದ ಹಳೆಯ ರಜೆಯ ನೆನಪಿದೆ. ಅಜ್ಜಿಯ ಜೊತೆ ಕಾಡಿಗೆ ಹೋಗಿ ಪುವೊಲುಕ್ಕ ಎಂಬ ಹುಳಿಯಾದ ಕೆಂಪು ಹಣ್ಣನ್ನು ಆಯುವುದೂ ಅವರ ಕೆಲಸವೇ. ಯಾರ ಕಾಡಾದರೂ ಸರಿ, ಮನೆಯಂಗಳದಂಥ ಜಾಗಗಳನ್ನು ಬಿಟ್ಟು ಕಾಡುಹಣ್ಣು ಆಯುವ ಹಕ್ಕು ಆ ದೇಶದಲ್ಲಿ ಎಲ್ಲರಿಗೂ ಇದೆ. ಈ ಹಣ್ಣಿನಲ್ಲಿ ಬೆಂಜೋಯಿಕ್ ಆಮ್ಲ ಸಹಜವಾಗಿಯೇ ಇರುವುದರಿಂದ, ಸಕ್ಕರೆ ಬೆರೆಸದೆ ಬರಿದೇ ಜಜ್ಜಿ ತಂಪಿನಲ್ಲಿಟ್ಟರೂ ಚಳಿಗಾಲವಿಡೀ ಕೆಡದೆ ಉಳಿದು, ಗಂಜಿಗೂ ಮಾಂಸದ ಅಡುಗೆಗೂ ಒದಗುತ್ತದೆ.

ಕೆಲಸಗಳೆಲ್ಲ ಮುಗಿದ ಮೇಲೆ ಬರುತ್ತಿದ್ದ ಸುಗ್ಗಿಯ ಹಬ್ಬಕ್ಕೆ ಕೆಕ್ರಿ ಎಂದು ಹೆಸರು. ಮೊದಲು ಪ್ರತಿ ಮನೆಯೂ ತನ್ನ ಕೆಲಸ ಮುಗಿದಾಗ ಆಚರಿಸುತ್ತಿದ್ದ ಈ ಹಬ್ಬ ಕ್ರಮೇಣ ನವೆಂಬರ್ ಮೊದಲ ದಿನದ ಸಕಲ ಸಂತರ ಹಬ್ಬಕ್ಕೆ ಹೊಂದಿಕೊಂಡಿತು. ಆ ದಿನ ಸೌನಾ ಎಂಬ ಬಿಸಿಹಬೆಯ ಸ್ನಾನದ ಮನೆಯನ್ನು ಕಾಯಿಸಿ, ತೀರಿಹೋದ ಹಿರಿಯರು ಬಂದು ಮೀಯಲೆಂದು ಅವರಿಗೇ ಮೊದಲು ಬಿಟ್ಟುಕೊಡುವ ರೂಢಿಯಿತ್ತು. ಹಿರಿಯರ ಸ್ನಾನಕ್ಕೂ ಹೊಗೆಯಾಡದ ಒಣ ಸೌದೆಯೇ ಬೇಕಾಗುತ್ತಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಉರಿದು ಉಳಿದ ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿನಲ್ಲಿ ಮನೆಯ ಹೊರಗೆ ಇಡುತ್ತಾರೆ, ಏಕೆಂದರೆ ಬೂದಿ ಮುಚ್ಚಿದ ಕೆಂಡ ದಿನಗಟ್ಟಲೆ ಜೀವ ಹಿಡಿದಿರಬಲ್ಲದು. ವಸಂತದಲ್ಲಿ ಅದನ್ನು ಕರಂಟ್ ಹಣ್ಣಿನ ಪೊದೆಗಳ ಬುಡಕ್ಕೆ ಎರಚುವುದುಂಟು; ಆಲೂಗಡ್ಡೆಯ ಪಾತಿಗೆ ಮಾತ್ರ ಹಾಕದಿರುವುದು ಲೇಸು, ಬೂದಿಯ ಕ್ಷಾರದಿಂದ ಗಡ್ಡೆಯ ಸಿಪ್ಪೆಗೆ ಕಜ್ಜಿ ಹತ್ತುವ ಸಂಭವ ಹೆಚ್ಚು.