ಮಳೆಗಾಲದ ಗುಡವಿಗೆ ನೀಲಿ ಆಕಾಶ

ಉಳವಿ ಇರೋ ಸೊರಬ ತಾಲ್ಲೂಕಲ್ಲೇ ಗುಡವಿ ಪಕ್ಷಿಧಾಮವೂ ಇದೆ. ಅಲ್ಲಿಯದು ಅಂತ ಶೇರ್ ಆಗುತ್ತಿದ್ದ ಫೋಟೊ ಒಂದನ್ನು ಮೊನ್ನೆ ನೋಡಿದೆ. ಕೆರೆಯೊಳಗಿನ ಮರಗಳು, ಗೂಡು ಕಟ್ಟಿದ ಬೆಳ್ಳಕ್ಕಿಗಳು, ಹಿಂದೆ ಕಡುನೀಲಿ ಆಕಾಶ. ಕೊಂಬೆಗಳ ಅಂಚಿನಲ್ಲಿ ಲೇಯರ್ ಮಾಸ್ಕ್ ಕೆಲಸ ಎಷ್ಟು ನಯ ಅಂದರೆ, ಎಲ್ಲಿ ಸೇರಿಸಿದ್ದಾರೆ ಅಂತ ಗೊತ್ತೇ ಆಗಲ್ಲ. ಆದರೆ ನೀರಿನಲ್ಲಿ ಮಾತ್ರ ಬೂದು ಮೋಡ ಹಾಗೇ ಉಳಿದುಬಿಟ್ಟಿದೆ!

ಮಾಸ್ಕ್ ಬಗ್ಗೆ ನನ್ನ ತಕರಾರಿಲ್ಲ. ಕಪ್ಪು ಬಳಿದಲ್ಲಿ ಆ ಲೇಯರ್ ಮರೆಯಾಗುತ್ತೆ, ಬಿಳಿ ಬಳಿದರೆ ಮತ್ತೆ ಕಾಣುತ್ತೆ, ಏನೂ ಅಳಿಸಿಹೋಗಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಪ್ರಿಂಟ್ ಮಾಡಿದ್ದ. ಆಗಿನ ಪ್ಲೇಟುಗಳಲ್ಲಿ ಎರಡೂ ಒಟ್ಟಿಗೆ ಸರಿಯಾಗಿ ಮೂಡುತ್ತಿರಲಿಲ್ಲ. ಇವತ್ತು ಟ್ರೈಪಾಡ್ ಇಟ್ಟು, ನೆಲಕ್ಕೊಂದು ಆಕಾಶಕ್ಕೊಂದು ಎಕ್ಸ್‌ಪೋಶರ್ ತೆಗೆದು ಬೆರೆಸೋದೂ ಅದೇ ಜಾಣತನ. ಕಣ್ಣು ಕಂಡಿದ್ದನ್ನು ಮಾಸ್ಕ್ ವಾಪಸ್ ಕೊಡುತ್ತೆ.

2020ರಲ್ಲಿ ಫೋಟೊಶಾಪ್‌ಗೆ ಬಂದ ಸ್ಕೈ ರಿಪ್ಲೇಸ್‌ಮೆಂಟ್ ಮಾಸ್ಕನ್ನೂ ತಾನೇ ಮಾಡಿಕೊಂಡು ಎಲ್ಲಿಯದೋ ಆಕಾಶ ತಂದು ಕೂರಿಸುತ್ತೆ. ತೊಂದರೆ ಇರೋದು ಇಲ್ಲಿ. ಗುಡವಿಗೆ ಹಕ್ಕಿಗಳು ಮರಿ ಮಾಡೋಕೆ ಬರೋದು ಮಳೆಗಾಲದಲ್ಲಿ. ಆ ಮಂಕು ಮೋಡವೇ ಕೆರೆ ತುಂಬಿಸೋದು. ಅದನ್ನು ಮರೆಮಾಡಿದರೆ ಹಕ್ಕಿಗಳು ಅಲ್ಲಿರೋ ಕಾರಣವನ್ನೇ ಮರೆಮಾಡಿದ ಹಾಗೆ. ಕಲೆ ಅಂತ ಮಾಡಿದ್ದರೆ 'ಎರಡು ಫೋಟೊ ಬೆರೆಸಿದ್ದು' ಅಂತ ಕೆಳಗೆ ಬರೆಯಲಿ, ಸಂತೋಷ. ಬರೆಯದಿದ್ದರೆ, ಅದನ್ನು ನಂಬಿ ಏಪ್ರಿಲ್ ವೀಕೆಂಡಿಗೆ ಬೆಂಗಳೂರಿನಿಂದ ಹೊರಟವರಿಗೆ ನೀಲಿ ಆಕಾಶವೇನೋ ಸಿಗುತ್ತೆ, ಗೂಡುಗಳಲ್ಲಿ ಮರಿಗಳು ಸಿಗಲ್ಲ.