ವೆಂಕಣ್ಣಯ್ಯನವರ ಕಿವಿ

ಕುವೆಂಪು ಕನ್ನಡಕ್ಕೆ ತಿರುಗಿದ ಕಥೆ ಹೇಳುವಾಗ ನಮ್ಮ ವಿಮರ್ಶಕರು ಈಗಲೂ ಜೇಮ್ಸ್ ಕಸಿನ್ಸ್ ಅವರಿಂದಲೇ ಶುರು ಮಾಡುತ್ತಾರೆ. 1924ರಲ್ಲಿ ಆ ಐರಿಷ್ ಕವಿ ಹುಡುಗನ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದದ್ದು ನಿಜ. ಸಲಹೆಯೂ ದೊಡ್ಡದೇ. ಆದರೆ ಒಂದು ಭೇಟಿಯ ಮಾತಿಗೆ ಇಷ್ಟು ಮಣೆ ಹಾಕಿ, ವರ್ಷಗಟ್ಟಲೆ ಬೆನ್ನಿಗೆ ನಿಂತ ಗುರು ತಳುಕಿನ ವೆಂಕಣ್ಣಯ್ಯನವರನ್ನು (1885–1939) ಅಡಿಟಿಪ್ಪಣಿಗೆ ಇಳಿಸಿರುವುದು ಅನ್ಯಾಯ. ತತ್ತ್ವಶಾಸ್ತ್ರದ ಕಡೆ ಹೊರಟಿದ್ದ ವಿದ್ಯಾರ್ಥಿಯನ್ನು ಮೈಸೂರಿನಲ್ಲಿ ಆಗಷ್ಟೇ ಶುರುವಾಗಿದ್ದ ಕನ್ನಡ ಎಂ.ಎ.ಗೆ ಕರೆತಂದವರು ಅವರು.

ಕುವೆಂಪು ಅವರ ಮಹಾಕಾವ್ಯ 'ಶ್ರೀ ರಾಮಾಯಣ ದರ್ಶನಂ' ತೆರೆದರೆ ಮೊದಲು ಸಿಗುವುದು ಅವರಿಗೆ ಅರ್ಪಿಸಿದ ಪದ್ಯ. ಶಿಷ್ಯ ಕಾವ್ಯ ಮುಗಿಸಿ ಗುರುವಿನ ಮುಂದೆ ನಿಂತಿದ್ದಾನೆ. ಗುರು ತೀರಿಕೊಂಡು ವರ್ಷಗಳಾಗಿವೆ. ಕವಿಯ ಮನೆ 'ಉದಯರವಿ'ಗೆ ಬಂದು ಅವರು ಕೇಳಿದ್ದು ಸ್ವಲ್ಪವೇ ಭಾಗ, ಹರಸಿದ್ದು ಇನ್ನೂ ಬರೆಯದಿದ್ದ ಇಡೀ ಕೃತಿಯನ್ನು. ಇಲ್ಲಿ ಗುರು ತಿದ್ದುವವರಲ್ಲ, ಮುನ್ನುಡಿ ಬರೆಯುವವರೂ ಅಲ್ಲ, ಕೇಳುವವರು. ಈ ಕಾವ್ಯದ ಮಹಾಛಂದಸ್ಸಿನ ನಡೆಗೆ ಕನ್ನಡದ ಕಿವಿ ಇನ್ನೂ ಪಳಗಿರದ ಕಾಲ ಅದು. ಅಂಥ ಹೊತ್ತಿನಲ್ಲಿ ಹಳಗನ್ನಡವನ್ನು ಅರೆದು ಕುಡಿದ ಪಂಡಿತರೊಬ್ಬರು ಮನಸ್ಸಿಟ್ಟು ಕೇಳಿದ್ದು ಕವಿಗೆ ಎಷ್ಟು ಬಲ ಕೊಟ್ಟಿರಬೇಕು! ತನ್ನದು ಹೊರಗಿನ ಘಟನೆಗಳ ವರದಿಯಲ್ಲ, ನಿತ್ಯಸತ್ಯಗಳ ಪ್ರತಿಮೆ ಎಂದು ಕುವೆಂಪು ಘೋಷಿಸುವುದೂ ಇದೇ ಪದ್ಯದಲ್ಲಿ. ವಿಮರ್ಶಕರು ಆ ಸಾಲುಗಳನ್ನಷ್ಟೇ ಕತ್ತರಿಸಿ ತೆಗೆದು, ಕಾವ್ಯಮೀಮಾಂಸೆಯೆಂದು ಹೋದಲ್ಲೆಲ್ಲ ಉದ್ಧರಿಸುತ್ತಾರೆ. ಅದು ಲೋಕಕ್ಕೆ ಹೊರಡಿಸಿದ ಪ್ರಣಾಳಿಕೆಯಲ್ಲ. ಗುರುವಿಗೆ ಒಪ್ಪಿಸಿದ ಲೆಕ್ಕ. ಯಾರನ್ನು ಉದ್ದೇಶಿಸಿ ಆಡಿದ ಮಾತು ಎಂಬುದನ್ನು ಬಿಟ್ಟರೆ ಆ ದನಿಯಲ್ಲಿರುವ ವಿನಯ ಹೋಗಿ ಬರೀ ಹಮ್ಮು ಉಳಿಯುತ್ತದೆ. ಕುವೆಂಪು ಅವರನ್ನು ಅಹಂಕಾರಿ ಎಂದವರಲ್ಲಿ ಎಷ್ಟು ಮಂದಿ ಈ ಪದ್ಯವನ್ನು ಪೂರ್ತಿ ಓದಿದ್ದಾರೆ?

ವೆಂಕಣ್ಣಯ್ಯನವರು ಬರೆದದ್ದು ಕಡಿಮೆ ಎಂಬ ಆಕ್ಷೇಪ ಇದೆ. ಒಪ್ಪೋಣ, ಅವರ ಸ್ವತಂತ್ರ ಗ್ರಂಥಗಳು ಹೆಚ್ಚಿಲ್ಲ. ಆದರೆ ಇರುವುದನ್ನು ನೋಡಿ: ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ 'ರಾಮಕೃಷ್ಣ ಪರಮಹಂಸ'ರ ಚರಿತ್ರೆ, 'ಪ್ರಬುದ್ಧ ಕರ್ಣಾಟಕ' ಪತ್ರಿಕೆಯ ದುಡಿಮೆ, ಶಿಷ್ಯ ಡಿ.ಎಲ್. ನರಸಿಂಹಾಚಾರ್ಯರ ಜೊತೆ ರಾಘವಾಂಕನ 'ಸಿದ್ಧರಾಮ ಚಾರಿತ್ರ'ದ ಸಂಪಾದನೆ. ಶಿಷ್ಯನ ಹೆಸರನ್ನು ತಮ್ಮ ಹೆಸರಿನ ಪಕ್ಕದಲ್ಲೇ ಕೂರಿಸಿದ ಪ್ರಾಧ್ಯಾಪಕರಿವರು. ವಿದ್ಯಾರ್ಥಿಗಳ ದುಡಿಮೆಯನ್ನು ತಮ್ಮ ಹೆಸರಲ್ಲಿ ಅಚ್ಚು ಹಾಕಿಸುವ ಮಾರ್ಗದರ್ಶಕರು ಇರುವ ಈ ಕಾಲದಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಪುಸ್ತಕಗಳ ಪಟ್ಟಿ ಹಿಡಿದು ಗುರುವನ್ನು ಅಳೆಯುವ ವಿಮರ್ಶೆಗೆ ಇದು ಕಾಣುವುದಿಲ್ಲ.

ಅದೇ ತಲೆಮಾರಿನ ಇನ್ನೊಬ್ಬ ಗುರು ಬಿ.ಎಂ.ಶ್ರೀ. ಕನ್ನಡವನ್ನು ಮುನ್ನಡೆಸಿದರು, ಆ ಬಗ್ಗೆ ತಕರಾರಿಲ್ಲ. ಆದರೆ ಒಬ್ಬ ಕವಿಯ ಮಾತಿಗೆ ಕಿವಿಯಾಗಿ, ಅವನು ದಾರಿ ಬಿಡದಂತೆ ಕಾದ ಗುರುತ್ವದಲ್ಲಿ ಆ ತಲೆಮಾರಿನಲ್ಲಿ ವೆಂಕಣ್ಣಯ್ಯನವರಿಗೆ ಸಮಾನರಿಲ್ಲ. 'ದರ್ಶನಂ' ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಒಂದೇ: ಅರ್ಪಣೆಯ ಪುಟಗಳನ್ನು ಹಾರಿಸಿ ಮೊದಲ ಸಂಚಿಕೆಗೆ ಹೋಗಬೇಡಿ, ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ.