ಹಳೆಯ ಆಟಗಳ ಪುನರವತಾರದಲ್ಲಿ ಸ್ಮೃತಿಯ ಸ್ಥಾನ

ಪೂರ್ವಕೃತಿಯೊಂದನ್ನು ಹೊಸ ರೂಪದಲ್ಲಿ ನಿರೂಪಿಸಹೊರಟವನಿಗೆ ಅದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯು ಮೊದಲು ಎದುರಾಗುವುದು. ಇದು ಕಾವ್ಯನಾಟಕಗಳಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಗಣಕಯಂತ್ರಗಳ ಮುಂದೆ ಕುಳಿತು ಸಹಸ್ರಾರು ಮಂದಿ ಅಂತರಜಾಲದಲ್ಲಿ ಒಟ್ಟಾಗಿ ಆಡುತ್ತಿದ್ದ ಪಾತ್ರಧಾರಣೆಯ ಆಟಗಳು ಈಚೆಗೆ ಮೊಬೈಲ್ ಫೋನಿನಲ್ಲಿ ಮರುಜನ್ಮ ಪಡೆಯುತ್ತಿವೆ. ಅವುಗಳನ್ನು ಪರಿಶೀಲಿಸುವವರಿಗೂ ಈ ಪ್ರಶ್ನೆಯು ತಪ್ಪಿದುದಲ್ಲ.

ಕೊರಿಯ ದೇಶದ ‘ರಾಗ್ನರಾಕ್’ ಇದಕ್ಕೆ ತಕ್ಕ ಉದಾಹರಣೆ. ಉತ್ತರ ಯೂರೋಪಿನ ನಾರ್ಸ್ ಪುರಾಣದಿಂದ ಹೆಸರುಗಳನ್ನು ಎತ್ತಿಕೊಂಡು ಲೀ ಮ್ಯುಂಗ್‌ಜಿನ್ ಎಂಬುವರು ಒಂದು ಚಿತ್ರಕಥೆಯನ್ನು ರಚಿಸಿದರು. ಅದನ್ನು ಆಧರಿಸಿ ಗ್ರಾವಿಟಿ ಎಂಬ ಸಂಸ್ಥೆಯು 2002ರಲ್ಲಿ ಆಟವನ್ನು ಹೊರತಂದಿತು. ಪುರಾಣವು ಇಲ್ಲಿ ನೆಪಮಾತ್ರ. ಆಟದ ಸತ್ತ್ವವಿದ್ದುದು, ವಿಚಿತ್ರವೆನಿಸಿದರೂ, ಕುಳಿತುಕೊಳ್ಳುವುದರಲ್ಲಿ. ಕಾದಾಡಿ ಬಳಲಿದ ಪಾತ್ರವು ನಿಂತಿರುವುದಕ್ಕಿಂತ ನೆಲದ ಮೇಲೆ ಕುಳಿತರೆ ಬೇಗನೆ ಚೇತರಿಸಿಕೊಳ್ಳುತ್ತಿತ್ತು. ಒಬ್ಬನು ಕುಳಿತಲ್ಲಿ ಇನ್ನೊಬ್ಬನು ಬಂದು ಕುಳಿತುಕೊಳ್ಳುವನು. ಸುಮ್ಮನಿರಲಾರದೆ ಮಾತಿಗೆ ತೊಡಗುವರು. ದಾರಿಯಲ್ಲಿ ಹೋಗುವ ಉಪಾಸಕನೊಬ್ಬನು ಗುರುತುಪರಿಚಯವಿಲ್ಲದವನ ಗಾಯವನ್ನು ಮಾಯಿಸಿ ಮುಂದೆ ನಡೆಯುವನು. ಪ್ರಾಂಟೆರ ನಗರದ ಬೀದಿಗಳಲ್ಲಿ ವರ್ತಕಪಾತ್ರಗಳು ತಲೆಯ ಮೇಲೆ ಫಲಕವನ್ನು ತೋರಿಸುತ್ತ ಅಂಗಡಿ ಹರಡಿಕೊಂಡಿರುತ್ತಿದ್ದವು. ಗಿರಾಕಿ ಬರುವವರೆಗೆ ಆಟಗಾರನು ಯಂತ್ರವನ್ನು ಆರಿಸುವಂತಿರಲಿಲ್ಲ. ಹೀಗೆ ಸ್ನೇಹಕ್ಕೆ ಎಡೆಯಾದುದು ಕಾಳಗದಿಂದಲ್ಲ, ಕಾಳಗದ ನಡುವಣ ಬಿಡುವಿನಿಂದ.

2017ರಲ್ಲಿ ಚೀನದಲ್ಲಿಯೂ 2018ರಲ್ಲಿ ಕೊರಿಯ ಮತ್ತು ಆಗ್ನೇಯ ಏಷ್ಯಗಳಲ್ಲಿಯೂ ಪ್ರಕಟವಾದ ‘ರಾಗ್ನರಾಕ್ ಎಂ’ ಎಂಬ ಮೊಬೈಲ್ ರೂಪವು ಹಳೆಯದರ ಕುರುಹುಗಳನ್ನು ಬಹು ಎಚ್ಚರಿಕೆಯಿಂದ ಕಾಪಾಡಿದೆ. ಪ್ರಾಂಟೆರವಿದೆ, ಪೋರಿಂಗ್ ಎಂಬ ಗುಲಾಬಿಬಣ್ಣದ ಲೋಳೆಮುದ್ದೆಯಿದೆ, ಹಳೆಯ ರಾಗಗಳೂ ಕೇಳಿಬರುವುವು. ಆದರೆ ಒಮ್ಮೆ ಅಪ್ಪಣೆಮಾಡಿದರೆ ಪಾತ್ರವು ತಾನಾಗಿ ಶತ್ರುವನ್ನು ಹುಡುಕಿ ಹೊಡೆಯುವುದು. ಬೀದಿಯಂಗಡಿಯ ವ್ಯಾಪಾರದಲ್ಲಿ ಬಹುಭಾಗವು ಒಂದು ವಿನಿಮಯಶಾಲೆಯ ಪಾಲಾಗಿದೆ. ಗಮನಿಸತಕ್ಕ ಸಂಗತಿಯೊಂದುಂಟು: ಮೂಲದ ಆಟದಲ್ಲಿ ಪಾತ್ರವನ್ನು ಯಾಂತ್ರಿಕವಾಗಿ ಆಡಿಸುವ ಕ್ರಮವಿಧಿಗಳನ್ನು ಬಳಸುವುದು ಅಪರಾಧವೆಂದು ಎಣಿಸಲ್ಪಟ್ಟು, ಅದಕ್ಕಾಗಿ ಆಟಗಾರರನ್ನು ಹೊರಹಾಕುತ್ತಿದ್ದರು. ಅಂದಿನ ಅಪರಾಧವೇ ಇಂದಿನ ಸೌಕರ್ಯವಾಗಿದೆ!

ಸ್ಮೃತಿಯನ್ನು ಭರತನು ವ್ಯಭಿಚಾರಿಭಾವಗಳಲ್ಲಿ ಎಣಿಸಿರುವನು. ಸ್ಥಾಯಿಯ ಆಸರೆಯಿಲ್ಲದೆ ಅದು ನಿಲ್ಲಲಾರದು. ಹಳೆಯ ಆಟದಲ್ಲಿ ಆ ಸ್ಥಾಯಿಯು ಸಹವಾಸದ ಪ್ರೀತಿ. ಹೊಸದರಲ್ಲಿ ಆ ಪ್ರೀತಿಯನ್ನು ಎಬ್ಬಿಸುವ ನಗರ, ರಾಗ, ಬಣ್ಣಗಳೆಲ್ಲ ಅಣಿಯಾಗಿದ್ದರೂ ಅದು ಬೇರೂರುವ ಕಾಲಾವಕಾಶವಿಲ್ಲ. ರಾಗವನ್ನು ಕೇಳಿದ ಮೊದಲ ಗಳಿಗೆಯಲ್ಲಿ ಹೃದಯವು ಕರಗುವುದು ನಿಜ. ಆ ಗಳಿಗೆ ಕಳೆದ ಮೇಲೆ ಉಳಿಯುವುದು ತಾನೇ ನಡೆಯುವ ಬೊಂಬೆ, ಮತ್ತು ಹಣ ತೆತ್ತರೆ ಇನ್ನೂ ಬೇಗ ನಡೆಯುವುದೆಂಬ ಆಮಿಷ.

ಇದಕ್ಕೆ ಸಮಾಧಾನ ಹೇಳುವವರುಂಟು. 2002ರ ತರುಣನು ಈಗ ಸಂಸಾರಸ್ಥನು. ಕಚೇರಿಯ ದಾರಿಯಲ್ಲಿ ದೊರೆಯುವ ಹತ್ತು ನಿಮಿಷಗಳಲ್ಲಿ ಅವನು ಎಲ್ಲಿ ಕುಳಿತು ಯಾರೊಡನೆ ಮಾತನಾಡಬೇಕು? ಪಾತ್ರವು ತಾನೇ ಆಡಿಕೊಂಡರೆ ಅವನಿಗೆ ಉಪಕಾರವೇ ಸರಿ. ಈ ವಾದವು ತಳ್ಳಿಹಾಕತಕ್ಕುದಲ್ಲ. ಆದರೆ ಬೇರೆ ದಾರಿಯೇ ಇಲ್ಲವೆಂಬುದು ಮಾತ್ರ ಸುಳ್ಳು.

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಜಾಗೆಕ್ಸ್ ಸಂಸ್ಥೆಯವರ ‘ರೂನ್‌ಸ್ಕೇಪ್’ 2001ರಲ್ಲಿ ಹುಟ್ಟಿದ ಆಟ. ಕಾಲಕ್ರಮದಲ್ಲಿ ಅದು ಗುರುತು ಸಿಗದಷ್ಟು ಬದಲಾದುದರಿಂದ, ಹಳೆಯ ಆಟಗಾರರ 4 ಲಕ್ಷಕ್ಕೂ ಮಿಕ್ಕ ಮತಗಳನ್ನು ಪಡೆದು, 2007ರ ಪ್ರತಿಯೊಂದನ್ನೇ 2013ರಲ್ಲಿ ಮತ್ತೆ ತೆರೆದರು. 2018ರ ಅಕ್ಟೋಬರಿನಲ್ಲಿ ಅದು ಫೋನಿಗೂ ಬಂದಿತು. ಆದರೆ ಫೋನಿಗೆಂದು ಬೇರೊಂದು ಲೋಕವನ್ನು ಕಟ್ಟಲಿಲ್ಲ. ಗಣಕದಲ್ಲಿ ಆಡುವವನೂ ಫೋನಿನಲ್ಲಿ ಆಡುವವನೂ ಅಲ್ಲಿ ಒಂದೇ ಮರದ ಬುಡದಲ್ಲಿ ನಿಲ್ಲುವರು. ಚೀಲದಲ್ಲಿ 28 ವಸ್ತುಗಳಿಗೆ ಮಾತ್ರ ಎಡೆ. ಅದು ತುಂಬಿದೊಡನೆ ಮರ ಕಡಿಯುವವನು ಕಟ್ಟಿಗೆಯನ್ನು ತಾನೇ ಸಾಗಿಸಬೇಕು. ಯಾಂತ್ರಿಕವಾಗಿ ಆಡಿಸುವುದು ಅಲ್ಲಿ ಇಂದಿಗೂ ನಿಷಿದ್ಧ. ಬೇಸರದ ಕೆಲಸವೆನ್ನಬಹುದು. ಆದರೆ ಹತ್ತು ನಿಮಿಷದ ಬಿಡುವುಳ್ಳವನು ಆ ಹತ್ತು ನಿಮಿಷದ ಬೇಸರವನ್ನಾದರೂ ಸ್ವಂತವಾಗಿ ಅನುಭವಿಸುವನು. ಪಕ್ಕದಲ್ಲಿ ಕಡಿಯುತ್ತಿರುವವನೊಡನೆ ಎರಡು ಮಾತನ್ನೂ ಆಡಿಯಾನು.

ಈ ಆಟವನ್ನು ಕೇವಲ ಶವರಕ್ಷಣೆಯೆಂದು ಹಳಿಯುವುದೂ ಸರಿಯಲ್ಲ. 2016ರಲ್ಲಿ ಸೇರಿದ ಝೀಯ ಖಂಡವಾಗಲಿ 2024ರಲ್ಲಿ ಸೇರಿದ ವಾರ್ಲಮೋರ್ ರಾಜ್ಯವಾಗಲಿ 2007ರ ಪ್ರತಿಯಲ್ಲಿ ಇರಲಿಲ್ಲ. ಹೊಸ ಅಂಶಗಳಿಗೆ ಆರಂಭದಲ್ಲಿ ನೂರಕ್ಕೆ 75ರಷ್ಟು ಆಟಗಾರರ ಒಪ್ಪಿಗೆ ಬೇಕೆಂದು ವಿಧಿಸಿದ್ದರು. ಮುಂದೆ ಅದನ್ನು 70ಕ್ಕೆ ಇಳಿಸಿದರು. ಹಳೆಯದರ ಮೇಲೆ ಹಕ್ಕು ಯಾರದೆಂಬುದನ್ನು ಅವರು ಕೇಳಿ ತಿಳಿದುಕೊಂಡರು; ‘ರಾಗ್ನರಾಕ್ ಎಂ’ ಕರ್ತೃಗಳು ಅದನ್ನು ಊಹಿಸಿಕೊಂಡರು.